ಗಿಳಿಹಸಿರು ಬಚ್ಚಲು

ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಬಾತ್‌ರೂಮ್ ಎನ್ನುತ್ತಿದ್ದೆವು, ಅತ್ತೆಯೊಬ್ಬರನ್ನು ಬಿಟ್ಟು. ಅವರಿಗೆ ಅದು ಬಚ್ಚಲು. ಹಾಗನ್ನಬೇಡಿ ಎಂದು ನಾನು ಮದುವೆಯಾಗಿ ಬಂದ ಹೊಸತರಲ್ಲೇ ಹೇಳಿದ್ದೆ, ಕಾರಣ ಮಾತ್ರ ಹೇಳಿರಲಿಲ್ಲ. ನಾವಿರುವ ಕಟ್ಟಡದಲ್ಲಿ ಅತ್ತೆಗೆ ಬೆನ್ನ ಹಿಂದೆ ಇದ್ದ ಹೆಸರೇ ಬಚ್ಚಲುಬಾಯಿ. ಬಚ್ಚಲು ತೊಳೆದೆ, ಬಚ್ಚಲಲ್ಲಿ ಸೋಪಿಲ್ಲ ಎಂದು ಅವರು ಹೇಳಿದಾಗಲೆಲ್ಲ ತಮ್ಮ ಬಿರುದನ್ನು ತಾವೇ ಸಾರಿಕೊಂಡಂತೆ ಕೇಳಿಸಿ ನನಗೆ ನಾಚಿಕೆಯಾಗುತ್ತಿತ್ತು.

ಹೆಸರಿಟ್ಟವರು ನಮ್ಮ ಮೇಲಿನ ಮನೆಯ ಹೆಡ್‌ಮಿಸ್. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾದರೂ ಕಂಡವರಿಗೆಲ್ಲ ಅಂಕ ಕೊಡುವ ಚಾಳಿ ಅವರನ್ನು ಬಿಟ್ಟಿರಲಿಲ್ಲ. ಆದರೆ ಹೆಸರನ್ನು ಸುಮ್ಮಸುಮ್ಮನೆ ಇಟ್ಟರು ಎನ್ನುವ ಹಾಗೂ ಇರಲಿಲ್ಲ. ದಿನಾ ಸಂಜೆ ಮಾವ ಸ್ನಾನಕ್ಕೆ ಹೋದ ಕೂಡಲೇ ಅತ್ತೆ ಬಾತ್‌ರೂಮಿನ ಮುಂದಿನ ಪ್ಯಾಸೇಜಿನಲ್ಲಿ ಮೋಟು ಸ್ಟೂಲು ಹಾಕಿಕೊಂಡು, ತಟ್ಟೆಯಲ್ಲಿ ತರಕಾರಿ ಇಟ್ಟುಕೊಂಡು, ಬೈಯಲು ಶುರುಮಾಡುತ್ತಿದ್ದರು. ಇಂಥವರನ್ನೇ ಎಂದಿಲ್ಲ. ಮೊಂಡು ಚಾಕುವನ್ನು, ಹುಳುಕು ಬದನೆಕಾಯಿಯನ್ನು, ಹಾಲು ತರುವವನನ್ನು, ಸತ್ತು ಯಾವ ಕಾಲವೋ ಆಗಿದ್ದ ತಮ್ಮ ಸೋದರತ್ತೆಯನ್ನು, ಯಾರೂ ಸಿಗದಿದ್ದರೆ ಗೋಡೆಯನ್ನು. ಗಂಟಲೋ, ಕಂಚಿನ ಗಂಟಲು. ಪ್ಯಾಸೇಜಿನ ಕಿಟಕಿ, ಬಾತ್‌ರೂಮಿನ ಗಾಳಿಕಿಂಡಿ, ಹೆಡ್‌ಮಿಸ್ ಅವರ ಅಡುಗೆಮನೆ ಕಿಟಕಿ, ಮೂರೂ ತೆರೆದುಕೊಳ್ಳುವುದು ಕಟ್ಟಡದ ನಡುವೆ ಗಾಳಿಗೆಂದು ಬಿಟ್ಟ ಬಾವಿಯಂಥ ಒಂದೇ ತೆರಪಿಗೆ. ಅಲ್ಲಿ ಸೂಜಿ ಬಿದ್ದರೂ ಮೇಲಿನವರೆಗೆ ಕೇಳಿಸುತ್ತದೆ, ಅತ್ತೆಯ ಮಾತು ಹೇಗೂ ಸೂಜಿಯಷ್ಟು ಸಣ್ಣದಲ್ಲ.

ಮಾವ ಅದಕ್ಕೆ ತದ್ವಿರುದ್ಧ. ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಕಿಟಕಿಯ ಹಿಂದೆ ಕೂತು ಜೀವ ಸವೆಸಿದವರು. ನೀರು ಬರದ ಜನ, ಬಂದರೂ ಕೆಸರು ಬಂದ ಜನ, ಬಿಲ್ಲು ಮಾತ್ರ ತಪ್ಪದೆ ಬಂದ ಜನ ಅವರ ಮುಖದ ಮುಂದೆ ನಿಂತು ವಂಶವನ್ನೇ ಜಾಲಾಡಿದರೂ, ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ ಎಂದು ಹೇಳಿ ಕುರ್ಚಿ ತೋರಿಸುತ್ತಿದ್ದರಂತೆ. ಕಟ್ಟಡದವರು ಅವರನ್ನು ಬೆಣ್ಣೆ ಯಜಮಾನರು ಎನ್ನುತ್ತಿದ್ದರು. ಸ್ನಾನ ಮುಗಿಸಿ, ಮುಖವೆಲ್ಲ ತಿಳಿಯಾಗಿ, ಹೆಗಲಿಗೆ ಟವೆಲು ಹಾಕಿಕೊಂಡು ಹೊರಬಂದಾಗ ಸ್ಟೂಲಿನ ಮೇಲೆ ಏದುಸಿರು ಬಿಡುತ್ತ ಕೂತಿರುತ್ತಿದ್ದ ಹೆಂಡತಿಯನ್ನು ನೋಡಿ ಅವರು ಹೇಳುತ್ತಿದ್ದದ್ದು ಒಂದೇ ಮಾತು.

"ಯಾಕೆ ಇಷ್ಟೊಂದು ಸಿಟ್ಟು ಮಾಡ್ಕೋತೀಯಾ? ನಾಲಿಗೆ ಸ್ವಲ್ಪ ಹಿಡಿತದಲ್ಲಿರ್ಲಿ."

ಅತ್ತೆ ಆಗ ಬಾಯಿ ಮುಚ್ಚಿ ತರಕಾರಿ ತೆಗೆದುಕೊಂಡು ಎದ್ದು ಹೋಗುತ್ತಿದ್ದರು. ಇಂಥ ದೇವರಂಥ ಮನುಷ್ಯನಿಗೆ ಇಂಥ ಹೆಂಡತಿ ಗಂಟುಬಿದ್ದಳಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ನನ್ನ ಕೆಲಸ ಬಟ್ಟೆ ಅಂಗಡಿಯೊಂದರ ಗಾಜಿನ ಕಿಟಕಿಯಲ್ಲಿ ಬೊಂಬೆಗಳಿಗೆ ಉಡಿಸಿ ತೊಡಿಸಿ ನಿಲ್ಲಿಸುವುದು. ಯಾವ ಬಣ್ಣದ ಪಕ್ಕ ಯಾವ ಬಣ್ಣ ಇಟ್ಟರೆ ರಸ್ತೆಯಲ್ಲಿ ಹೋಗುವವರ ಕಾಲು ನಿಲ್ಲುತ್ತದೆ ಎಂಬುದು ನನಗೆ ಗೊತ್ತು. ಮನೆಯಲ್ಲಿ ಮಾತ್ರ ಯಾರ ಕಾಲೂ ನಿಲ್ಲುತ್ತಿರಲಿಲ್ಲ. ಸಂಜೆ ಯಾರನ್ನು ಕರೆಯಲಿ? ಕರೆದರೆ ಅತ್ತೆಯ ಕಛೇರಿ ಕೇಳಿಸಬೇಕು. ಅತ್ತೆಯನ್ನು ರಿಪೇರಿ ಮಾಡಲಾಗದ ಮೇಲೆ ಮನೆಯನ್ನಾದರೂ ಮಾಡೋಣವೆಂದು ನಾನು ಬಾತ್‌ರೂಮಿಗೆ ಕೈ ಹಾಕಿದೆ. ಇಬ್ಬರು ಒಟ್ಟಿಗೆ ನಿಂತರೆ ಮೊಣಕೈ ತಾಗುವಷ್ಟು ಚಿಕ್ಕ ಜಾಗ. ಬೂದುಬಣ್ಣದ ಗೋಡೆ, ಊದಿಕೊಂಡ ಭಾರದ ಮರದ ಬಾಗಿಲು, ತಿರುಗಿಸಿದರೆ ಪೈಪುಗಳನ್ನೆಲ್ಲ ನಡುಗಿಸುತ್ತ ಭೋರೆಂದು ಕೂಗುವ ಒಂದು ನಲ್ಲಿ. ಗಂಡನನ್ನು ಕೇಳಿದರೆ "ನಿನ್ನಿಷ್ಟ" ಎಂದರು. ಅವರು ಮದುವೆಯ ದಿನದಿಂದ ಬೇರೇನೂ ಹೇಳಿದ ನೆನಪು ನನಗಿಲ್ಲ.

ಗೋಡೆಗೆ ನೆಲದಿಂದ ಸೂರಿನವರೆಗೆ ಗಿಳಿಹಸಿರು ಟೈಲ್ಸ್, ಸೂರಿಗೆ ಅರಿಶಿನದ ಹಳದಿ, ಬಾಗಿಲಿಗೆ ಬದನೆಕಾಯಿ ಬಣ್ಣ. ಟೈಲ್ಸ್ ಕೂರಿಸುವವನು ಒಂದಕ್ಕೆರಡು ಸಲ, ಅಕ್ಕಾ, ಇದು ಮಕ್ಕಳ ಆಸ್ಪತ್ರೆಗಾ ಎಂದು ಕೇಳಿದ. ಅವನಿಗೇನು ಗೊತ್ತು. ಉಳಿದದ್ದೆಲ್ಲ ಹಳೆಯ ಸಾಮಾನೇ ಆಗಬೇಕೆಂದು ನಾನು ರಜೆಯ ದಿನಗಳನ್ನೆಲ್ಲ ಗುಜರಿ ಅಂಗಡಿಗಳಲ್ಲಿ ಕಳೆದೆ. ಮುಚ್ಚಿಹೋದ ಕ್ಷೌರದಂಗಡಿಯ ಅಂಡಾಕಾರದ ಕನ್ನಡಿ ಸಿಕ್ಕಿತು, ಅದರ ಅಂಚಿನ ಪಾದರಸ ಹೋಗಿ ಎಲ್ಲರಿಗೂ ಕಿವಿ ಇಲ್ಲದಂತೆ ಕಾಣುತ್ತಿತ್ತು. ಆಸ್ಪತ್ರೆಯೊಂದರ ಹಳೆಯ ಎನಾಮಲ್ ಬೇಸಿನ್ನು ಸಿಕ್ಕಿತು. ಕೆಡವಿದ ಲಾಡ್ಜಿನ ಬಾಗಿಲು ಸಿಕ್ಕಿತು, ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳದ್ದು, ಒಳಗಿನವರು ಕಾಣದಂತೆ ಗಾಳಿ ಮಾತ್ರ ಆಡುವಂಥದ್ದು. ಕೊನೆಗೆ ಹಂಸದ ಕೊರಳಿನ ಹಿತ್ತಾಳೆ ನಲ್ಲಿ. ಅದರಿಂದ ನೀರು ದಾರದಷ್ಟು ತೆಳ್ಳಗೆ, ಒಂದಿಷ್ಟೂ ಸದ್ದಿಲ್ಲದೆ ಇಳಿಯುತ್ತಿತ್ತು.

ಮಾವ ಒಂದೊಂದನ್ನೂ ನೋಡಿ ತುಂಬಾ ಚೆನ್ನಾಗಿದೆ ಕಣಮ್ಮ ಎಂದರು. ಅತ್ತೆ ಬಣ್ಣದ ಬಗ್ಗೆ ಚಕಾರ ಎತ್ತಲಿಲ್ಲ. ಬೈಗುಳದ ಮಳೆಯಾಗುತ್ತದೆಂದು ನಾನು ಸೊಂಟ ಕಟ್ಟಿ ನಿಂತಿದ್ದೆ, ಒಂದು ಹನಿಯೂ ಬೀಳಲಿಲ್ಲ. ನಲ್ಲಿ ಕೆಲಸದವನು ಸ್ಪ್ಯಾನರ್ ಹಿಡಿದು ಬಂದ ದಿನ ಮಾತ್ರ ಬಾಗಿಲಿಗೆ ಅಡ್ಡ ನಿಂತರು.

"ಏನ್ ಬೇಕಾದ್ರೂ ಬಳ್ಕೊಳ್ಳೇ. ಆ ನಲ್ಲಿ ಬಾಗಿಲು ಎರಡಕ್ಕೆ ಮಾತ್ರ ಕೈ ಹಚ್ಬೇಡ."

ಹಳೆಯದಕ್ಕೆ ಜೋತುಬಿದ್ದಿದ್ದಾರೆ ಎಂದುಕೊಂಡೆ. ನಾನು ತರುತ್ತಿರುವುದು ಅದಕ್ಕಿಂತ ಹಳೆಯದು ಎಂದು ಸಮಾಧಾನ ಹೇಳಿದೆ. ಮಾವ ತಮ್ಮ ಕೋಣೆಯಿಂದಲೇ, ಹುಡುಗಿ ಇಷ್ಟಪಟ್ಟು ಮಾಡಿಸ್ತಿದಾಳೆ ಬಿಡು ಎಂದರು. ಗಂಡ ಹೇಳಿದ ಮೇಲೆ ಅತ್ತೆ ಪಕ್ಕಕ್ಕೆ ಸರಿದರು. ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ. ಒಂದು ನಲ್ಲಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವ ಪುರಸೊತ್ತು ನನಗಿರಲಿಲ್ಲ.

ಕೆಲಸ ಮುಗಿಯುವ ತನಕ ನಾವೆಲ್ಲ ಕೆಳಗೆ ಕಾವಲುಗಾರನ ಸ್ನಾನದ ಕೋಣೆಗೆ ಬಕೆಟ್ಟು ಹಿಡಿದು ಹೋಗಿಬಂದೆವು. ಅದಕ್ಕೆ ಬಾಗಿಲೆಂದರೆ ಒಂದು ಪರದೆ. ಆ ದಿನಗಳಲ್ಲಿ ಮನೆಯಲ್ಲಿ ಎರಡು ವಿಚಿತ್ರಗಳು ನಡೆದವು. ಒಂದು, ಅತ್ತೆಯ ಬಾಯಿ ಪೂರ್ತಿ ನಿಂತುಹೋಯಿತು. ಎಷ್ಟೋ ಕಾಲದಿಂದ ಗಂಟಲು ಒಡೆದಿತ್ತು, ಈಗ ಬಿಡುವಾಯಿತಲ್ಲ ಎಂದು ಅವರೇ ಡಾಕ್ಟರ ಹತ್ತಿರ ಹೋಗಿ ಬಂದರು. ಗಂಟಲಲ್ಲಿ ಗಂಟುಗಳೆದ್ದಿವೆ, ಇನ್ನು ಕೆಲವು ತಿಂಗಳು ಪಿಸುಮಾತೂ ಆಡಕೂಡದು ಎಂದು ಡಾಕ್ಟರು ಹೇಳಿದ್ದರು. ಏನು ಬಿಡುವು, ಯಾವುದರಿಂದ ಬಿಡುವು, ನನಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಡಾಕ್ಟರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಎರಡನೆಯದು, ಮಾವನ ಸಭ್ಯತೆ ಊದಿಕೊಳ್ಳತೊಡಗಿತು. ಚಹಾ ಕೊಟ್ಟರೆ ಎದ್ದು ನಿಂತು ತೆಗೆದುಕೊಳ್ಳುವರು. ಕಾಲಿಗೆ ಮೇಜು ತಾಗಿದರೆ ಮೇಜಿಗೆ ಕ್ಷಮಿಸಿ ಎನ್ನುವರು. ಮುಖ ಕೆಂಪಗೆ, ಕಣ್ಣು ಉಬ್ಬಿ, ರಾತ್ರಿ ನಿದ್ದೆಯಿಲ್ಲ. ನಾವು ಅದನ್ನು ಸಂಭ್ರಮವೆಂದುಕೊಂಡೆವು. ಕಟ್ಟಡದ ಸಂಘಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಮಾಡುವ ಮಾತು ನಡೆದಿತ್ತು. ಹಿಂದಿನ ಇಬ್ಬರು ಅಧ್ಯಕ್ಷರು ನೀರಿನ ಟ್ಯಾಂಕಿನ ವಿಷಯಕ್ಕೆ ಕೈ ಕೈ ಮಿಲಾಯಿಸಿದ್ದರಿಂದ, ಈ ಸಲ ಬಾಯಿ ಶುದ್ಧವಿರುವವರೇ ಬೇಕೆಂದು ಹೆಡ್‌ಮಿಸ್ ಹಟ ಹಿಡಿದಿದ್ದರು. ಬದುಕಿಡೀ ಬೈಸಿಕೊಳ್ಳುವ ಕುರ್ಚಿಯಲ್ಲೇ ಕೂತ ಮಾವನಿಗೆ ಒಂದು ಸಲವಾದರೂ ಮರ್ಯಾದೆಯ ಕುರ್ಚಿಯಲ್ಲಿ ಕೂರುವ ಆಸೆ ಎಷ್ಟಿತ್ತೆಂದರೆ, ಸಭೆಗೆ ಹಾಕಿಕೊಳ್ಳುವ ಅಂಗಿಯನ್ನು ತಾವೇ ಇಸ್ತ್ರಿ ಮಾಡಿ ತಮ್ಮ ಕೋಣೆಯ ಬಾಗಿಲ ಹಿಂದೆ ನೇತುಹಾಕಿದ್ದರು. ಹೋಗಿಬರುವಾಗ ಅದರ ಕಾಲರ್ ಮುಟ್ಟಿ ನೋಡುತ್ತಿದ್ದರು.

ಬಾತ್‌ರೂಮ್ ಮುಗಿಯಿತು. ಮೊದಲ ಸ್ನಾನ ಹಿರಿಯರದ್ದೇ ಆಗಲಿ ಎಂದು ನಾನು ಮಾವನಿಗೆ ಹೊಸ ಟವೆಲು ಕೊಟ್ಟೆ. ಅವರು ತುಂಬಾ ಚೆನ್ನಾಗಿದೆ ಎಂದು ಮತ್ತೊಮ್ಮೆ ಹೇಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಹಂಸದ ಕೊರಳಿನಿಂದ ನೀರು ಇಳಿಯುವುದು ಕೇಳಿಸಲೇ ಇಲ್ಲ. ಕೇಳಿಸಿದ್ದು ಬೇರೆ.

ಮೊದಲು ಯಾರೋ ಹೊರಗಿನವರು ಒಳಗೆ ಸೇರಿಕೊಂಡಿದ್ದಾರೆ ಎಂದುಕೊಂಡೆ. ಅಷ್ಟು ಒರಟು ದನಿ. ಹಳೆಯ ಮೇಲಧಿಕಾರಿಯೊಬ್ಬನಿಂದ ಶುರುವಾಯಿತು, ಅವನ ತಾಯಿಗೆ ಹೋಯಿತು, ಅಲ್ಲಿಂದ ನಾನಿಲ್ಲಿ ಬರೆಯಲಾಗದ ಕಡೆಗಳಿಗೆಲ್ಲ ಹೋಗಿಬಂತು. ಬೋಳು ಟೈಲ್ಸಿಗೆ ಬಡಿದು ಒಂದೊಂದು ಮಾತೂ ಎರಡೆರಡು ಸಲ ಕೇಳಿಸಿತು. ಕೆಡವಿದ ಲಾಡ್ಜಿನ ಬಾಗಿಲು ಅದನ್ನು ಪಟ್ಟಿಪಟ್ಟಿಯಾಗಿ ಪ್ಯಾಸೇಜಿಗೆ ಬಿಟ್ಟುಕೊಟ್ಟಿತು. ಹೆಡ್‌ಮಿಸ್‌ಗೆ ಗೂಬೆ ಎಂದರು, ಮಗನಿಗೆ ನಾಲಿಗೆ ಇಲ್ಲದ ಕೋಸಂಬರಿ ಎಂದರು. ಕೊನೆಗೆ ನನ್ನ ಸರದಿ ಬಂತು.

"ಬೊಂಬೆಗೆ ಸೀರೆ ಉಡ್ಸೋಳು ಬಂದ್ಲಪ್ಪ, ನನ್ನ ಬಚ್ಚಲಿಗೆ ಗಿಳಿ ಅಂಡಿನ ಬಣ್ಣ ಬಳಿಯೋಕೆ."

ನಾನು ಹೂದಾನಿ ಹಿಡಿದುಕೊಂಡು ನಿಂತಲ್ಲೇ ನಿಂತೆ. ಅತ್ತೆ ಎಲ್ಲಿಂದಲೋ ಓಡಿಬಂದು ಸ್ಟೂಲಿನ ಮೇಲೆ ಕೂತರು. ಕೊರಳಿಗೆ ಉಣ್ಣೆಯ ಬಟ್ಟೆ ಸುತ್ತಿತ್ತು, ಬಾಯಿ ತೆರೆದರೆ ಬರೀ ಗಾಳಿ. ಕೈಗೆ ಸಿಕ್ಕ ಸೌಟಿನಿಂದ ತಟ್ಟೆಯನ್ನು ಬಡಿಯತೊಡಗಿದರು. ಪುಣ್ಯಕ್ಕೆ ಮೇಲೆ ಹೆಡ್‌ಮಿಸ್ ಅವರ ಮಿಕ್ಸಿ ತಿರುಗುತ್ತಿತ್ತು. ಬಡಿಯುತ್ತಲೇ ಅವರು ನನ್ನ ಕಡೆ ನೋಡಿದರು. ಆಗ ನನಗೆ ಅರ್ಥವಾಯಿತು, ಇಷ್ಟು ವರ್ಷ ಆ ಸ್ಟೂಲು ಅಲ್ಲೇ ಯಾಕಿತ್ತು ಎಂದು.

ಡಾಕ್ಟರ ಮಾತು ಮೀರಿ ಅತ್ತೆ ಆ ರಾತ್ರಿ ಅಡುಗೆಮನೆಯಲ್ಲಿ ಪಿಸುಗುಟ್ಟಿ ಹೇಳಿದ್ದು ಇಷ್ಟು. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಕಚೇರಿಯಲ್ಲಿ ಯಾರೋ ಮಾವನ ಮುಖಕ್ಕೆ ಉಗಿದಿದ್ದರು. ಮನೆಗೆ ಬಂದವರು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ತಲೆ ಕೊಟ್ಟು ಕೂಗಾಡಿದರು. ಹೊರಗೆ ಬಂದಾಗ ಏನೂ ಆಗೇ ಇಲ್ಲವೆಂಬಂತೆ ಊಟ ಮಾಡಿ ಮಲಗಿದರು. ಮಾರನೆಯ ದಿನ ಹೆಡ್‌ಮಿಸ್ ಮೆಟ್ಟಿಲ ಬಳಿ ತಡೆದು, ನಿಮ್ಮನೆಯಲ್ಲಿ ನಿನ್ನೆ ಯಾರು ಹಾಗೆ ಕಿರುಚಾಡಿದ್ದು ಎಂದು ಕೇಳಿದರು. ಅತ್ತೆ ನಾನೇ ಎಂದುಬಿಟ್ಟರು. ಅಂದ ಮೇಲೆ ಅದನ್ನು ನಿಜ ಮಾಡಬೇಕಲ್ಲ, ಅವತ್ತಿನಿಂದ ದಿನಾ ಕೂತು ಬೈದರು. ಬೈಗುಳವೆಂದರೆ ಏನೆಂದೇ ಗೊತ್ತಿಲ್ಲದ ಮನೆಯಿಂದ ಬಂದವರು. ಒಳಗಿನಿಂದ ಬಂದದ್ದನ್ನೇ ಕೇಳಿ ಕೇಳಿ ಕಲಿತದ್ದಂತೆ.

"ಮಾವಂಗೆ ಇದು ಗೊತ್ತಾ ಅತ್ತೆ?"

"ಎಲ್ಲಿಂದ ಗೊತ್ತು? ನಲ್ಲಿ ಸದ್ದಲ್ಲಿ ಹೊರಗೇನೂ ಕೇಳಲ್ಲ ಅಂದ್ಕೊಂಡಿದಾರೆ. ಆ ಸದ್ದು ಈಗಿಲ್ಲ ಅನ್ನೋದೂ ಸಿಟ್ಟಲ್ಲಿ ಅವರಿಗೆ ಗೊತ್ತಾಗಿಲ್ಲ. ಕೇಳುತ್ತೆ ಅಂತ ಹೇಳಿದ್ರೆ ನಿಲ್ಲಿಸ್ಬಿಡ್ತಾರೆ ಕಣೇ. ನಿಲ್ಲಿಸಿದ್ರೆ ಎದೆ ಒಡೆದು ಹೋಗ್ತಾರೆ."

ಅವರು ಬಿಕ್ಕಲಿಲ್ಲ, ಅತ್ತದ್ದು ನಾನು. ಅವರ ಕೈ ಹಿಡಿದುಕೊಂಡರೆ ಕೈ ಕೊಸರಿಕೊಂಡು, ಪಾತ್ರೆ ಒರೆಸು ಎಂದು ಬಟ್ಟೆ ಕೊಟ್ಟರು.

ಹಳೆಯ ನಲ್ಲಿಯನ್ನು ವಾಪಸು ಹಾಕಿಸೋಣವೆಂದರೆ ನಲ್ಲಿ ಕೆಲಸದವನು ಅದನ್ನು ಅವತ್ತೇ ತೂಕಕ್ಕೆ ಹಾಕಿದ್ದ. ಊದಿದ ಬಾಗಿಲು ಯಾರದೋ ಒಲೆ ಸೇರಿತ್ತು. ಪ್ಯಾಸೇಜಿನಲ್ಲಿ ರೇಡಿಯೊ ಜೋರಾಗಿ ಹಚ್ಚಿಟ್ಟೆ. ಮಾವ ಸ್ನಾನಕ್ಕೆ ಹೋಗುತ್ತ, ಮೇಲಿನವರಿಗೆ ತೊಂದರೆ ಆಗುತ್ತಮ್ಮ ಎಂದು ಕಿವಿ ಹಿಂಡಿ ಅದರ ಬಾಯಿ ಮುಚ್ಚಿಸಿ ಒಳಗೆ ಹೋದರು. ರೇಡಿಯೊಗೆ ಗುಂಡಿ ಇರುತ್ತದೆ, ಅತ್ತೆಗೆ ಇರಲಿಲ್ಲ. ಗಾಳಿಕಿಂಡಿಗೆ ಹಲಗೆ ಹೊಡೆಸಿದೆ, ಉಸಿರು ಕಟ್ಟುತ್ತದೆಂದು ಮಾವನೇ ತೆಗೆದರು. ಸಭೆಯ ದಿನ ಮುಗಿಯುವ ತನಕ ಹೇಗಾದರೂ ದೂಡಿದರೆ ಸಾಕೆಂದು ನಾನೂ ಅತ್ತೆಯೂ ತಟ್ಟೆ, ಸೌಟು, ಬಕೆಟ್ಟು, ಸಿಕ್ಕಿದ್ದನ್ನೆಲ್ಲ ಬಡಿದೆವು. ಹಳೆಯ ಸಾಮಾನಿಗಾಗಿ ಅಲೆದವಳಿಗೆ ಕೊನೆಗೂ ನಮ್ಮ ಮನೆಯಲ್ಲಿ ನಿಜಕ್ಕೂ ಹಳೆಯದೆಂದರೆ ಅತ್ತೆಯ ಈ ಗುಟ್ಟು ಎಂದು ಗೊತ್ತಾಗಿತ್ತು, ಆ ಗುಟ್ಟಿಗೆ ನಾನು ಲಾಡ್ಜಿನ ಬಾಗಿಲು ಹಾಕಿಸಿದ್ದೆ.

ಸಭೆಯ ಹಿಂದಿನ ಸಂಜೆ ಹೆಡ್‌ಮಿಸ್ ಬಂದರು. ಜೊತೆಗೆ ಸಂಘದ ಖಜಾಂಚಿ, ತೂಕಡಿಸುವ ಸ್ವಭಾವದ ಮುದುಕರು. ನಾಳೆಯ ಆಯ್ಕೆ ಅವಿರೋಧವಾಗಿ ನಡೆಯುತ್ತದೆ ಎಂದು ಮಾವನಿಗೆ ಮೊದಲೇ ತಿಳಿಸಿ, ಹಾಗೇ ಎಲ್ಲರೂ ಹೇಳುತ್ತಿರುವ ಬಣ್ಣದ ಬಾತ್‌ರೂಮನ್ನೂ ನೋಡಿ ಹೋಗುವುದೆಂದು ಅವರ ಲೆಕ್ಕ. ಮಾವ ಆಗಷ್ಟೇ ಒಳಗೆ ಹೋಗಿ ಚಿಲಕ ಹಾಕಿದ್ದರು. ಕೂತ್ಕೊಳ್ಳಿ ಎಂದು ನಾನು ಹಾಲಿನ ಕುರ್ಚಿ ತೋರಿಸಿದೆ. ಹೆಡ್‌ಮಿಸ್ ಕೂರುವವರಲ್ಲ. ಬಾಗಿಲಾದರೂ ನೋಡ್ತೀನಿ, ಏನೋ ಲಾಡ್ಜಿನದ್ದಂತೆ, ಎನ್ನುತ್ತ ನೇರ ಪ್ಯಾಸೇಜಿಗೆ ನಡೆದು, ಬದನೆಕಾಯಿ ಬಣ್ಣಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು ಕನ್ನಡಕ ಸರಿಮಾಡಿಕೊಂಡರು.

ಒಳಗೆ ಮಾವ ಗಂಟಲು ಸರಿಮಾಡಿಕೊಂಡರು.

ಅತ್ತೆ ಸ್ಟೂಲಿನಿಂದ ಎದ್ದುಬಿಟ್ಟಿದ್ದರು. ಬಾಯಿ ತೆರೆದರು, ಕೊರಳ ನರಗಳು ಉಬ್ಬಿದವು, ಏನೂ ಬರಲಿಲ್ಲ. ಮಾವನ ಕೋಣೆಯ ಬಾಗಿಲ ಹಿಂದೆ ನೇತಾಡುತ್ತಿದ್ದ ಇಸ್ತ್ರಿಯ ಅಂಗಿ ನನಗೆ ಕಾಣುತ್ತಿತ್ತು. ಒಳಗಿನಿಂದ ಗೂಬೆ ಎಂಬ ಪದದ ಮೊದಲಕ್ಷರ ಕೇಳಿಸಿತು.

"ಗೂ..."

"ಗೂಬೆ ಮುಖದೋನೆ" ಎಂದು ನಾನು ಕಿರುಚಿದೆ. ಯಾರಿಗೆಂದು ನನಗೇ ಗೊತ್ತಿರಲಿಲ್ಲ. ಟೈಲ್ಸ್ ಕೂರಿಸಿದವನಿಗೆ ಎಂದು ಆಮೇಲೆ ಗೊತ್ತುಮಾಡಿಕೊಂಡೆ. ಅವನ ಕೈಗೆ ಕರಣೆ ಕೊಟ್ಟವನಿಗೆ, ನಲ್ಲಿ ತೂಕಕ್ಕೆ ಹಾಕಿದ ದರಿದ್ರದವನಿಗೆ, ಕಿವಿ ಕಾಣದ ಕನ್ನಡಿ ಮಾರಿದ ಮುಂಡೇದಕ್ಕೆ. ಒಳಗಿನ ದನಿ ಏರಿದಂತೆ ನಾನೂ ಏರಿದೆ. ಅತ್ತೆಯ ಬಾಯಿಂದ ಬರುತ್ತಿದ್ದ ಒಂದೊಂದು ಮಾತೂ ನನ್ನ ಬಾಯಿಗೆ ಹುಡುಕದೆ ಸಿಕ್ಕಿತು. ಇಷ್ಟು ವರ್ಷ ಕಿವಿ ಮುಚ್ಚಿಕೊಂಡಿದ್ದೇನೆ ಎಂದುಕೊಂಡಿದ್ದವಳು ಎಲ್ಲವನ್ನೂ ಕಲಿತಿದ್ದೆ. ಖಜಾಂಚಿ ಪೂರ್ತಿ ಎಚ್ಚರಾದರು. ಹೆಡ್‌ಮಿಸ್ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, ನನ್ನ ಮುಖ ನೋಡಿ ಅತ್ತೆಯ ಮುಖ ನೋಡಿ, ಸೆರಗು ಸುತ್ತಿಕೊಂಡು ಖಜಾಂಚಿಯನ್ನೂ ಹೊರಡಿಸಿಕೊಂಡು ಹೊರಟೇಹೋದರು. ಗಿಳಿಹಸಿರು ಗೋಡೆಯನ್ನು ಅವರು ನೋಡಲೇ ಇಲ್ಲ.

ಮಾವ ತಿಳಿಯಾದ ಮುಖ ಹೊತ್ತು, ಹೆಗಲ ಮೇಲೆ ಹೊಸ ಟವೆಲು ಹಾಕಿಕೊಂಡು ಹೊರಗೆ ಬಂದರು. ನಾನು ಗೋಡೆಗೊರಗಿ ಏದುಸಿರು ಬಿಡುತ್ತಿದ್ದೆ. ಅವರು ಬಹಳ ನೊಂದುಕೊಂಡಂತೆ ಕಂಡಿತು.

"ಏನಮ್ಮಾ ಇದು, ನೀನೂನಾ?" ಎಂದರು. "ನಾಲಿಗೆ ಸ್ವಲ್ಪ ಹಿಡಿತದಲ್ಲಿರ್ಲಿ."

ಅವರ ಬೆನ್ನ ಹಿಂದೆ ಅತ್ತೆ ಸ್ಟೂಲಿನ ಮೇಲೆ ಕುಸಿದು ಕೂತು, ಸದ್ದೇ ಇಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

ಮಾರನೆಯ ದಿನ ಮಾವ ಅವಿರೋಧವಾಗಿ ಅಧ್ಯಕ್ಷರಾದರು. ಅಂಥ ಹೆಂಡತಿ, ಇಂಥ ಸೊಸೆಯ ನಡುವೆಯೂ ಬಾಯಿ ಕೆಡಿಸಿಕೊಳ್ಳದ ಮನುಷ್ಯ ಎಂದು ಹೆಡ್‌ಮಿಸ್ ಭಾಷಣದಲ್ಲಿ ಹೊಗಳಿದರಂತೆ. ಆಮೇಲಿನ ಸಭೆಗಳಲ್ಲಿ ಲಿಫ್ಟಿನ ದೂರು, ನಾಯಿಯ ದೂರು, ಟ್ಯಾಂಕಿನ ದೂರು ಎಲ್ಲ ಅವರ ತಲೆಗೇ ಬಂತು. ಅವರು ಎಲ್ಲರ ತೊಂದರೆಯನ್ನೂ ಅರ್ಥಮಾಡಿಕೊಂಡು, ಬೆಳಿಗ್ಗೆಯೂ ಒಂದು ಸ್ನಾನ ಶುರುಮಾಡಿದರು. ಬೆಳಗಿನದಕ್ಕೂ ಸಂಜೆಯದಕ್ಕೂ ನಾನೇ. ಅಂಗಡಿಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ. ಕಟ್ಟಡದಲ್ಲಿ ನನಗೀಗ ಚಿಕ್ಕ ಬಚ್ಚಲುಬಾಯಿ ಎಂದು ಹೆಸರು. ಬಾತ್‌ರೂಮ್ ನೋಡಲು ಇದುವರೆಗೆ ಯಾರೂ ಬಂದಿಲ್ಲ.

ಮೊನ್ನೆಯ ಸಭೆ ಮುಗಿಸಿ ಬಂದ ಮಾವ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ನನ್ನ ಬಾಯಿಯ ಬಗ್ಗೆ ಹೆಡ್‌ಮಿಸ್ ಸಭೆಯಲ್ಲೇ ದೂರು ಕೊಟ್ಟರೆಂದೂ, ಮನೆಯವಳೆಂದು ತಾವು ಪಕ್ಷಪಾತ ಮಾಡಲು ಬರುವುದಿಲ್ಲವೆಂದೂ, ಅಧ್ಯಕ್ಷನಾಗಿ ಇದು ತಮ್ಮ ಮೊದಲ ಎಚ್ಚರಿಕೆಯೆಂದೂ ಮೆಲ್ಲನೆ, ಒಂದು ಮಾತೂ ಗಡುಸಾಗದಂತೆ ಹೇಳಿದರು. ನನಗೆ ಬಂದ ಸಿಟ್ಟಿಗೆ ಎಲ್ಲವನ್ನೂ ಅಲ್ಲೇ ಅಂದುಬಿಡಬೇಕೆನಿಸಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ಆಗಲಿ ಮಾವ ಎಂದೆ. ಅವರು ಟವೆಲು ಎತ್ತಿಕೊಂಡು ಸ್ನಾನಕ್ಕೆ ಹೋದರು.

ಸ್ಟೂಲು ಎಳೆದುಕೊಂಡು ಕೂತೆ. ಇವತ್ತು ಯಾರನ್ನು ಮೊದಲು ಬೈಯಬೇಕೆಂದು ಯೋಚಿಸುವ ಕಷ್ಟವಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಪಟ್ಟಿಗಳ ಸಂದಿಯಿಂದ ಮಾವನ ಇನ್ನೊಂದು ದನಿ ಬಂತು.

"ನನ್ನ ಸೊಸೆ ಬಗ್ಗೆ ಮಾತಾಡೋಕೆ ನೀನ್ಯಾವಳೇ, ಹಾಳು ಗೂಬೆ. ಬಂಗಾರದಂಥ ಹುಡುಗಿ ನನ್ನ ಸೊಸೆ. ನನ್ನ ಹೆಂಡ್ತಿಗೂ ಹೀಗೇ ಅಂದೆ, ಅವತ್ತಿಂದ ನೋಡ್ತಿದೀನಿ ನಾನೂ..."

ಈ ಮನೆಗೆ ಬಂದಾಗಿನಿಂದ ನನ್ನ ಪರವಾಗಿ ಯಾರಾದರೂ ದನಿಯೆತ್ತಿದ್ದು ಅದೇ ಮೊದಲು. ಕೊನೆಯವರೆಗೆ ಕೇಳಬೇಕೆಂದು ಜೀವ ಹಂಬಲಿಸಿತು. ಪಕ್ಕದಲ್ಲಿ ಬಂದು ಕೂತಿದ್ದ ಅತ್ತೆಯ ಕಡೆ ತಿರುಗಿದೆ. ಅವರು ತಲೆ ತಗ್ಗಿಸಿ, ಕೊರಳಿನ ಬಟ್ಟೆಯನ್ನು ಹಿಡಿದುಕೊಂಡು, ಒಂದೊಂದು ಮಾತನ್ನೂ ಕೇಳುತ್ತಿದ್ದರು. ಎಷ್ಟೋ ಸಂಜೆ ಅವರ ಪರವಾಗಿಯೂ ಒಳಗೆ ಹೀಗೇ ನಡೆದಿರಬೇಕು, ತಮ್ಮದೇ ಗಂಟಲಿನಲ್ಲಿ ಅದನ್ನೂ ಅವರು ಮುಳುಗಿಸಿರಬೇಕು.

ಮೇಲೆ ಹೆಡ್‌ಮಿಸ್ ಅವರ ಅಡುಗೆಮನೆ ಕಿಟಕಿ ತೆರೆದ ಸದ್ದಾಯಿತು. ಅತ್ತೆ ಇನ್ನೊಂದೇ ಕ್ಷಣ ತಾಳು ಎಂಬಂತೆ ನನ್ನ ಮೊಣಕಾಲ ಮೇಲೆ ಕೈಯಿಟ್ಟರು. ಆಮೇಲೆ ತಾವೇ ಆ ಕೈ ತೆಗೆದರು. ನಾನು ಬಾಯಿ ತೆರೆದೆ.